ಗಣಿತದಲ್ಲಿ ಊಹೆಯೂ ಸಾಧನೆಯೂ

ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಉಚ್ಚ ಗಣಿತದ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರು ಕೇಳಬಹುದು. ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡುವ ಹೊಣೆ ಹೊತ್ತ ಶ್ರೀಮಠದ ಶಾಲೆಗೆ, ನಿತ್ಯಜೀವನದಲ್ಲಿ ಎಲ್ಲಿಯೂ ಎದುರಾಗದ ಬೈಜಿಕ ರೇಖಾಗಣಿತದಿಂದ ಆಗಬೇಕಾದುದೇನು? ಪ್ರಶ್ನೆ ನ್ಯಾಯವಾದುದೇ. ಆದರೂ ಆ ಶಾಸ್ತ್ರದ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ ನಮ್ಮ ತರಗತಿಗಳು ಕಲಿಯಲೇಬೇಕಾದ ಒಂದು ಪಾಠವಿದೆಯೆಂಬುದು ನನ್ನ ದೃಢವಾದ ನಂಬಿಕೆ. ತಿಳಿದುದಕ್ಕೂ ತಿಳಿದೆವೆಂದು ಭಾವಿಸಿದುದಕ್ಕೂ ಇರುವ ಅಂತರವೇ ಆ ಪಾಠ.

ವಿಷಯ ದೂರದ್ದಾದರೂ ಅದರ ಹೊಸ್ತಿಲು ನಮ್ಮ ಶಾಲೆಯ ಕರಿಹಲಗೆಯಲ್ಲಿಯೇ ಇದೆ. ಕ, ಖ, ಗ ಎಂಬ ಮೂರು ಚರಾಕ್ಷರಗಳನ್ನು ತೆಗೆದುಕೊಂಡು ಕ³ + ಖ³ + ಗ³ = 1 ಎಂದು ಬರೆಯೋಣ. ಇದನ್ನು ತೃಪ್ತಿಪಡಿಸುವ ಬಿಂದುಗಳೆಲ್ಲ ಸೇರಿ ಒಂದು ಬಾಗಿದ ಮೇಲ್ಮೈಯಾಗುತ್ತದೆ. ಈಗ ಕ = 1 ಎಂದೂ ಖ = −ಗ ಎಂದೂ ಇಟ್ಟುನೋಡಿದರೆ ಸಮೀಕರಣ ತಾನಾಗಿಯೇ ಸರಿಹೋಗುತ್ತದೆ; ಅಂದರೆ ಆ ಬಾಗಿದ ಮೇಲ್ಮೈಯ ಮೇಲೆ ಒಂದು ಸರಳರೇಖೆ ಪೂರ್ತಿಯಾಗಿ ಒರಗಿಕೊಂಡಿದೆ. ಪ್ರೌಢಶಾಲೆಯ ವಿದ್ಯಾರ್ಥಿ ಇದನ್ನು ತಾನೇ ತಾಳೆನೋಡಬಲ್ಲ. ಸಂಮಿಶ್ರ ಸಂಖ್ಯೆಗಳನ್ನೂ ಅನಂತದಲ್ಲಿರುವ ಬಿಂದುಗಳನ್ನೂ ಒಳಗೊಂಡು ಎಣಿಸಿದರೆ, ಮೂರನೆಯ ಘಾತದ ಪ್ರತಿಯೊಂದು ನುಣುಪಾದ ಮೇಲ್ಮೈಯ ಮೇಲೂ ಇಂತಹ ರೇಖೆಗಳು ಸರಿಯಾಗಿ 27 ಇವೆಯೆಂದು 1849ರಲ್ಲಿ ಆರ್ಥರ್ ಕೇಲಿ ಮತ್ತು ಜಾರ್ಜ್ ಸಾಲ್ಮನ್ ತೋರಿಸಿದರು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೇಲ್ಮೈಯ ಮೇಲಿನ ಇಂತಹ ರೇಖೆಗಳನ್ನಾಗಲಿ ಬಿಂದುಗಳನ್ನಾಗಲಿ ಕೂಡಿಸಿ ಕಳೆದು ಬರೆದಿಟ್ಟ ಲೆಕ್ಕಕ್ಕೆ ಬೈಜಿಕ ಚಕ್ರವೆಂದು ಹೆಸರು. ವರ್ತಕನ ಖಾತೆಪುಸ್ತಕದಲ್ಲಿರುವಂತೆ ಇಲ್ಲಿಯೂ ಈ ಬಿಂದು ಎರಡು ಸಲ ಜಮೆ, ಆ ಬಿಂದು ಒಂದು ಸಲ ಖರ್ಚು. ಒಂದೇ ಒಂದು ಚರವು ಬದಲಾಗುತ್ತ ಹೋದಂತೆ ಒಂದು ಬಿಂದುಸಮೂಹವು ಬೈಜಿಕ ಸೂತ್ರಗಳ ಮೂಲಕ ಇನ್ನೊಂದಾಗಿ ಮಾರ್ಪಡುವುದಾದರೆ, ಅವೆರಡನ್ನೂ ಸಮಾನವೆಂದು ಎಣಿಸುತ್ತಾರೆ. ಮೇಲೆ ಹೇಳಿದ ಘನ ಮೇಲ್ಮೈಯಲ್ಲಿ ಯಾವ ಎರಡು ಬಿಂದುಗಳೂ ಈ ಅರ್ಥದಲ್ಲಿ ಸಮಾನ. ಹಾಗಾದರೆ ಎಲ್ಲ ಮೇಲ್ಮೈಗಳಲ್ಲಿಯೂ ಈ ಲೆಕ್ಕ ಸೀಮಿತವಾದ ಕೆಲವು ಅಳತೆಗಳಲ್ಲಿ ಮುಗಿಯುತ್ತದೆಯೆ?

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಟಲಿಯಲ್ಲಿ ಕ್ಯಾಸ್ಟೆಲ್‌ನುವೊವೊ, ಎನ್ರಿಕ್ವೆಸ್, ಸೆವೆರಿ ಮೊದಲಾದ ಮಹಾಮೇಧಾವಿಗಳು ಮೇಲ್ಮೈಗಳ ಶಾಸ್ತ್ರವನ್ನು ಕಟ್ಟಿದರು. ಅವರ ಒಳನೋಟ ಅಸಾಧಾರಣವಾದುದು. ಆದರೆ ಕಾಲಕ್ರಮದಲ್ಲಿ ಒಳನೋಟವೇ ಸಾಧನೆಯ ಪೀಠವನ್ನೇರಿತು. ಬಿಂದುಗಳ ಲೆಕ್ಕ ಸೀಮಿತವಾಗಿಯೇ ಇರುತ್ತದೆಯೆಂಬ ಸೆವೆರಿಯವರ ಭಾವನೆ ಬಹುಕಾಲ ಉಳಿಯಿತು. 1969ರಲ್ಲಿ ಪ್ರಕಟವಾದ ಒಂದು ಕಿರುಲೇಖನದಲ್ಲಿ ಡೇವಿಡ್ ಮಮ್‌ಫೋರ್ಡ್ ಅದು ತಪ್ಪೆಂದು ತೋರಿಸಿದರು. ಜ್ಯಾಮಿತೀಯ ಜೀನಸ್ ಎಂಬ ಸಂಖ್ಯೆ ಸೊನ್ನೆಗಿಂತ ಹೆಚ್ಚಾಗಿರುವ ಯಾವ ಮೇಲ್ಮೈಯಲ್ಲಿಯೂ ಈ ಲೆಕ್ಕವನ್ನು ಎಷ್ಟೇ ಅಳತೆಗಳನ್ನಿಟ್ಟುಕೊಂಡರೂ ಮುಗಿಸಲಾಗದು. ನಮ್ಮ ಸಮೀಕರಣದಲ್ಲಿ ಘಾತವನ್ನು ಮೂರರಿಂದ ನಾಲ್ಕಕ್ಕೆ ಏರಿಸಿದರೆ ಸಾಕು, ಆ ಅಪಾರತೆ ಎದುರಿಗೆ ಬಂದು ನಿಲ್ಲುತ್ತದೆ. ಸೆವೆರಿಯವರ ಭಾವನೆಯನ್ನು ಮುರಿಯಲು ಮಮ್‌ಫೋರ್ಡರಿಗೆ ನೆರವಾದುದು ಸೆವೆರಿಯವರದೇ ಆದ ವಿಧಾನವೆಂಬುದು ಗಮನಾರ್ಹ. ಹಿರಿಯರ ಉಪಕರಣವನ್ನು ಕೈಗೆತ್ತಿಕೊಂಡು ಹಿರಿಯರ ತಪ್ಪನ್ನು ತಿದ್ದುವುದು ಗುರುದ್ರೋಹವಲ್ಲ, ಗುರುಋಣದ ಸಂದಾಯ.

ಇದೇ ಕಾಲದಲ್ಲಿ ಅಲೆಕ್ಸಾಂಡರ್ ಗ್ರೋತೆನ್‌ಡೀಕ್ ಎಂಬ ಮಹಾಗಣಿತಜ್ಞರು ಮೋಟಿವ್ ಎಂಬ ಕಲ್ಪನೆಯನ್ನು ಮುಂದಿಟ್ಟರು. ಸಂಗೀತಕೃತಿಯೊಂದರಲ್ಲಿ ಮತ್ತೆ ಮತ್ತೆ ಮರಳಿ ಬರುವ ಮೂಲ ಸ್ವರಗುಚ್ಛಕ್ಕೆ ಫ್ರೆಂಚರು ಹೇಳುವ ಮಾತದು. ಒಂದೇ ಮೇಲ್ಮೈಯನ್ನು ಬೇರೆ ಬೇರೆ ಶಾಸ್ತ್ರವಿಧಾನಗಳಿಂದ ಅಳೆದಾಗ ದೊರೆಯುವ ಉತ್ತರಗಳ ಹಿಂದೆ ಒಂದೇ ಮೂಲವಸ್ತುವಿರಬೇಕೆಂದೂ, ಅದನ್ನು ಬೈಜಿಕ ಚಕ್ರಗಳಿಂದಲೇ ಕಟ್ಟಬಹುದೆಂದೂ ಅವರ ದರ್ಶನ. ಅದಕ್ಕೆ ಆಧಾರವಾಗಿ ಬೇಕಾದ ‘ಪ್ರಮಾಣಭೂತ ಊಹೆ’ಗಳನ್ನು ಅವರು ಪ್ರಕಟಿಸಿದುದು, ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1968ರಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯ ಸಂಪುಟದಲ್ಲಿ, ಏಳೇ ಪುಟಗಳಲ್ಲಿ. ಅವರು ಅವನ್ನು ಪ್ರಮೇಯಗಳೆಂದು ಕರೆಯಲಿಲ್ಲ, ಊಹೆಗಳೆಂದೇ ಕರೆದರು. ಅವುಗಳಿಂದ ಸಿದ್ಧಿಸಬೇಕಾಗಿದ್ದ ವೇಯ್ಲ್ ಊಹೆಗಳ ಕೊನೆಯ ಭಾಗವನ್ನು ಪಿಯೆರ್ ಡೆಲಿನ್ಯ 1974ರಲ್ಲಿ ಬೇರೊಂದು ದಾರಿಯಿಂದ ಸಾಧಿಸಿದರು. ಮೂಲ ಊಹೆಗಳು ಮಾತ್ರ ಮೇಲ್ಮೈಗಳ ಮಟ್ಟದಲ್ಲಿ ಸಿದ್ಧವಾಗಿದ್ದರೂ ಸಾಮಾನ್ಯವಾಗಿ ಇಂದಿಗೂ ಸಾಧನೆಗೆ ಒಳಗಾಗಿಲ್ಲ.

ಮೇಲ್ಮೈಯ ಮೋಟಿವನ್ನು ಐದು ಭಾಗಗಳಾಗಿ ಬಿಡಿಸಬಹುದೆಂದು ಡಚ್ ಗಣಿತಜ್ಞ ಯಾಕೋಬ್ ಮುರೆ 1990ರಲ್ಲಿ ತೋರಿಸಿದರು. ಕೊನೆಯ ಎರಡು, ಮೊದಲ ಎರಡು, ಮತ್ತು ನಡುವಿನ ಭಾಗದಲ್ಲಿ ವಕ್ರಗಳಿಂದ ಬರುವ ಅಂಶ ನಮ್ಮ ಕೈಗೆ ದಕ್ಕುತ್ತವೆ. ನಡುವೆ ಉಳಿಯುವ ಇನ್ನೊಂದಂಶದಲ್ಲಿಯೇ ಮಮ್‌ಫೋರ್ಡರು ಕಂಡ ಅಪಾರತೆಯೆಲ್ಲ ಮನೆಮಾಡಿಕೊಂಡಿದೆ. ಜ್ಯಾಮಿತೀಯ ಜೀನಸ್ ಸೊನ್ನೆಯಾದರೆ ಆ ಅಂಶವೂ ಇಲ್ಲವಾಗಬೇಕೆಂಬುದು ಸ್ಪೆನ್ಸರ್ ಬ್ಲಾಕ್ ಅವರು 1970ರ ದಶಕದಲ್ಲಿ ಮಾಡಿದ ಊಹೆಯ ಸಾರ. ಹೆಚ್ಚಿನ ಬಗೆಯ ಮೇಲ್ಮೈಗಳಿಗೆ ಅದು ನಿಜವೆಂದು ಬ್ಲಾಕ್, ಕಾಸ್ ಮತ್ತು ಲೀಬರ್‌ಮನ್ 1976ರಲ್ಲಿ ಸಾಧಿಸಿದರು. ಉಳಿದ ಒಂದು ಬಗೆಯಲ್ಲಿ ಕೆಲವು ಉದಾಹರಣೆಗಳು ಸಿದ್ಧವಾಗಿವೆ, ಎಲ್ಲವೂ ಅಲ್ಲ. ಐವತ್ತು ವರ್ಷಗಳ ಶ್ರಮದ ನಂತರವೂ, ಪರೀಕ್ಷಿಸಿದಲ್ಲೆಲ್ಲ ನಿಜವಾಗಿ ಕಂಡರೂ, ಅದರ ಹೆಸರು ಊಹೆಯೇ.

ನಾನು ಹೇಳಬೇಕೆಂದಿದ್ದ ಮಾತು ಇಲ್ಲಿದೆ. ನಮ್ಮ ತರಗತಿಗಳಲ್ಲಿ ಏನು ನಡೆಯುತ್ತಿದೆ? ಪೈಥಾಗೊರಸ್ ಪ್ರಮೇಯದ ಸಾಧನೆಯನ್ನು ಮಕ್ಕಳು ಪದ್ಯದಂತೆ ಬಾಯಿಪಾಠ ಮಾಡುತ್ತಾರೆ. ಚಿತ್ರದ ಅಕ್ಷರಗಳನ್ನು ಬದಲಾಯಿಸಿದರೆ ತಡವರಿಸುತ್ತಾರೆ. ಪ್ರತಿ ಲೆಕ್ಕಕ್ಕೂ ಪುಸ್ತಕದ ಕೊನೆಯಲ್ಲಿ ಉತ್ತರವಿದೆಯೆಂಬ ಭಾವನೆಯಿಂದಲೇ ಅವರು ಶಾಲೆಯನ್ನು ಬಿಟ್ಟುಹೋಗುತ್ತಾರೆ. ಹೀಗೆ ಬೆಳೆದವನು ಮುಂದೆ ಗಟ್ಟಿಯಾಗಿ ಹೇಳಿದ ಮಾತನ್ನೆಲ್ಲ ನಿಜವೆಂದು ನಂಬಿದರೆ ತಪ್ಪು ಯಾರದು?

ಪರೀಕ್ಷೆ, ನೌಕರಿ, ಮನೆಯ ಬಡತನ ಇವುಗಳ ಒತ್ತಡವನ್ನು ನಾನು ಅಲ್ಲಗಳೆಯುವುದಿಲ್ಲ. ಅಂಕಗಳು ಬೇಕು. ಆದರೆ ಸಾಧನೆಯನ್ನು ಅರಿತು ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆಯಾದ ನಿದರ್ಶನ ಎಲ್ಲಿಯಾದರೂ ಉಂಟೆ? ಊಹೆಯನ್ನು ಹೀನವೆಂದು ತಳ್ಳಬೇಕೆಂದೂ ನನ್ನ ಅಭಿಪ್ರಾಯವಲ್ಲ. ಊಹೆಯಿಲ್ಲದೆ ದಾರಿ ತೋರದು, ಸಾಧನೆಯಿಲ್ಲದೆ ಊರು ಸೇರದು. ದಾರಿಯನ್ನೇ ಊರೆಂದು ತಿಳಿಯುವುದೊಂದೇ ದೋಷ.

ಆದಕಾರಣ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಅರಿಕೆ ಮೂರು. ವಾರಕ್ಕೆ ಒಂದು ಪ್ರಮೇಯವನ್ನಾದರೂ ಪುಸ್ತಕ ಮುಚ್ಚಿ ಮಕ್ಕಳಿಂದಲೇ ಸಾಧಿಸಿರಿ. ವರ್ಷಕ್ಕೆ ಒಂದು ಸಲವಾದರೂ, ಜಗತ್ತಿನಲ್ಲಿ ಯಾರಿಗೂ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಅವರ ಮುಂದಿಡಿರಿ. ವಿದ್ಯಾರ್ಥಿ ಕೇಳಿದುದು ತಿಳಿಯದಿದ್ದಾಗ ‘ನನಗೆ ಗೊತ್ತಿಲ್ಲ, ನೋಡೋಣ’ ಎನ್ನಲು ಸಂಕೋಚಪಡಬೇಡಿರಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಸರಕಾರದ ಅಪ್ಪಣೆಯೂ ಬೇಡ.

ನುಡಿಗೆ ನಡೆಯೇ ಸಾಕ್ಷಿಯಾಗಬೇಕೆಂದು ಬಯಸಿದ ಶರಣರ ನೆರಳಿನಲ್ಲಿ ನಮ್ಮ ಶಾಲೆ ಬೆಳೆದಿದೆ. ಅನುಭವ ಮಂಟಪದ ಪರಂಪರೆಯಲ್ಲಿ ಮಾತಿಗೆ ತೂಕ ಬರುವುದು ಆಡಿದವನ ಪೀಠದಿಂದಲ್ಲ, ಮಾತಿನ ಸತ್ಯದಿಂದ. ಗಣಿತದ ನಿಯಮವೂ ಅದೇ. ಆ ಅರಿವನ್ನು ಒಬ್ಬ ಬಾಲಕ, ಒಬ್ಬ ಬಾಲಕಿ ಇಲ್ಲಿಂದ ಹೊತ್ತುಕೊಂಡು ಹೋದರೂ ಈ ಸಂಸ್ಥೆಯ ಕಾಯಕ ಸಾರ್ಥಕವಾಯಿತೆಂದು ನಾನು ಭಾವಿಸುತ್ತೇನೆ.