ಬಿಚ್ಚಿ ಕಟ್ಟಿದರೆ ಮಾತ್ರ ಲಾರಿ ನಮ್ಮದು

ರಿಮೋಟ್ ಲಾರಿ ಕೈಯಲ್ಲಿ ಹಿಡಿದು ಹಾಸ್ಟೆಲ್ ಮೆಟ್ಟಿಲು ಹತ್ತಿದರೆ ಸಾಕು, "ಇನ್ನಾ ಆಟಾ ಆಡ್ಲತ್ತೀರೇನೋ?" ಅಂತ ಕೇಳುವವರು ನಮ್ಮ ಕ್ಯಾಂಪಸ್‌ನಲ್ಲಿ ಕಡಿಮೆ ಏನಿಲ್ಲ. ಹೌದು, ಆಡ್ಲತ್ತೀವಿ. ಆದರೆ ನಮ್ಮದೂ ಒಂದು ಪ್ರಶ್ನೆ ಇದೆ. ಫೈನಲ್ ಇಯರ್ ಬಂದ ಕೂಡಲೇ ಹೈದರಾಬಾದ್ ಬಸ್ ಹತ್ತಿ, ದುಡ್ಡು ಕೊಟ್ಟು, ರಿಪೋರ್ಟ್ ಸಮೇತ ಪ್ರಾಜೆಕ್ಟನ್ನು ಡಬ್ಬಿಯಲ್ಲಿ ತರ್ತಾರಲ್ಲ, ಅದು ಯಾವ ಆಟ? ವೈವಾದಲ್ಲಿ "ಈ ಗೇರ್ ಯಾಕೆ ಇಷ್ಟೇ ಹಲ್ಲಿಂದು?" ಅಂತ ಕೇಳಿದರೆ ತಲೆ ಕೆಳಗೆ ಹಾಕಬೇಕಾಗುತ್ತೆ.

ನಮ್ಮ ವಾದ ಇಷ್ಟೇ. ಕೆಲವೇ ಸಾವಿರಕ್ಕೆ ಸಿಗುವ ಒಂದು ಚಿಕ್ಕ ರಿಮೋಟ್ ಲಾರಿಯನ್ನು ಬಿಚ್ಚಿ, ಅಳೆದು, ಬದಲಾಯಿಸಿ, ಮತ್ತೆ ಕಟ್ಟೋದು ಒಳ್ಳೆಯ ಎಂಜಿನಿಯರಿಂಗ್ ಪಾಠ. ಅದನ್ನು ಹವ್ಯಾಸ ಅಂತ ಹಾಸ್ಟೆಲ್ ಮಂಚದ ಕೆಳಗೆ ಬಚ್ಚಿಡಬಾರದು, ಲ್ಯಾಬಿನೊಳಗೆ ತರಬೇಕು. ಆದರೆ ಒಂದು ಷರತ್ತು: ಬದಲಾವಣೆ ನಮ್ಮ ಕೈಯಿಂದ ಆಗಿರಬೇಕು, ಆನ್‌ಲೈನ್ ಕಾರ್ಟ್‌ನಿಂದ ಅಲ್ಲ.

ಫಸ್ಟ್ ಇಯರ್‌ನವರಿಗಾಗಿ ಸ್ವಲ್ಪ ಹಿನ್ನೆಲೆ. ಈ ಲಾರಿಗಳು ನಿಜವಾದ ಗಾಡಿಯ ಇಂತಿಷ್ಟನೇ ಒಂದು ಪಾಲು ಅಂತ ಅಳತೆಯಲ್ಲಿ ಬರುತ್ತವೆ. ಜಪಾನಿನ ತಮಿಯಾ ಕಂಪನಿಯ ಟ್ರೇಲರ್ ಲಾರಿಗಳು 1/14, ದೊಡ್ಡವು, ದುಬಾರಿ. ಅಮೆರಿಕದ ಆಕ್ಸಿಯಲ್ ಕಂಪನಿ 2019ರಲ್ಲಿ ತಂದ ಎಸ್‌ಸಿಎಕ್ಸ್24 ಅನ್ನೋ ಗುಡ್ಡ ಹತ್ತುವ ಗಾಡಿ 1/24; ಅಂಗೈ ಮೇಲೆ ಕೂಡುತ್ತೆ. ಚೀನಾದ ಡಬ್ಲ್ಯುಪಿಎಲ್‌ನ 1/16 ಮಿಲಿಟರಿ ಲಾರಿಗಳು ವಿದ್ಯಾರ್ಥಿಗಳ ಜೇಬಿಗೆ ಹತ್ತಿರ. ಹೊರದೇಶದ ಬಿಡಿಭಾಗ ತರಿಸೋದು ಮಾತ್ರ ಸುಲಭ ಅಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಬಹಳ ಜನ ಇದನ್ನು ತೊಂದರೆ ಅಂತಾರೆ. ನಾವು ಅವಕಾಶ ಅಂತೀವಿ. ತರಿಸಲಿಕ್ಕೆ ಆಗದಿದ್ದರೆ ಮಾಡಿಕೊಳ್ಳಲೇಬೇಕಲ್ಲ!

ಲಾರಿ ಬಿಚ್ಚಿದಾಗ ಮೊದಲು ಸಿಗೋದು ಮೋಟಾರು ಮತ್ತು ಗೇರು. ಮೋಟಾರಿನ ಪಿನಿಯನ್‌ಗೆ 10 ಹಲ್ಲು, ಅದು ತಿರುಗಿಸುವ ದೊಡ್ಡ ಗೇರಿಗೆ 60 ಹಲ್ಲು ಅಂದುಕೊಳ್ಳಿ. ಅನುಪಾತ 6. ಪಿನಿಯನ್ ತೆಗೆದು 8 ಹಲ್ಲಿನದು ಹಾಕಿದರೆ 7.5 ಆಗುತ್ತೆ. ಎಳೆಯುವ ಬಲ ಕಾಲು ಪಾಲು ಹೆಚ್ಚು, ವೇಗ ಐದನೇ ಒಂದು ಪಾಲು ಕಡಿಮೆ. ಈ ಲೆಕ್ಕ ಪರೀಕ್ಷೆಯಲ್ಲಿ ಎಲ್ಲರೂ ಬರೀತಾರೆ. ಆದರೆ ಇಟ್ಟಿಗೆ ತುಂಡು ಹೇರಿದ ಲಾರಿ ಮುಂಚೆ ನಿಂತೇ ಹೋಗುತ್ತಿದ್ದ ಏರನ್ನು ಈಗ ಗುರ್ ಅನ್ನುತ್ತಾ ಹತ್ತಿದಾಗ, ಆ ಲೆಕ್ಕ ಮರೀಲಿಕ್ಕೆ ಸಾಧ್ಯವೇ ಇಲ್ಲ.

ಅಲ್ಲೇ ಇನ್ನೊಂದು ಪಾಠ ಕಾದಿರುತ್ತೆ. ಚಕ್ರ ಕಲ್ಲಿಗೆ ಸಿಕ್ಕಿ ಮೋಟಾರು ನಿಂತರೆ ಅದರ ಬ್ಯಾಕ್ ಇಎಂಎಫ್ ಸೊನ್ನೆ. ಆಗ ಕರೆಂಟನ್ನು ತಡೆಯೋದು ವೈಂಡಿಂಗ್‌ನ ರೆಸಿಸ್ಟೆನ್ಸ್ ಒಂದೇ. ಅದು 1 ಓಮ್ ಇದ್ದು, ಬ್ಯಾಟರಿ 7.4 ವೋಲ್ಟ್ ಇದ್ದರೆ, ಲೆಕ್ಕಕ್ಕೆ 7.4 ಆಂಪಿಯರ್. 3 ಆಂಪಿಯರ್‌ನ ಕಂಟ್ರೋಲ್ ಬೋರ್ಡ್ ಇಟ್ಟವನಿಗೆ ಹೊಗೆಯ ವಾಸನೆಯೇ ಉತ್ತರ. ಎಲೆಕ್ಟ್ರಿಕಲ್ ಮಷೀನ್ಸ್ ಪುಸ್ತಕದ ಆ ಒಂದು ಸಾಲು ಇಲ್ಲಿ ಮೂಗಿಗೇ ಬಂದು ತಟ್ಟುತ್ತೆ. ಹಾಗೆಯೇ ಲಿಥಿಯಂ ಬ್ಯಾಟರಿ. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್; 3ಕ್ಕಿಂತ ಕೆಳಗೆ ಇಳಿಸಿದರೆ ಹಾಳು. ಉಬ್ಬಿದ ಬ್ಯಾಟರಿ ಬಳಸಬಾರದು, ಚಾರ್ಜಿಗೆ ಹಚ್ಚಿ ಮಲಗಬಾರದು. ನಾಳೆ ಎಲೆಕ್ಟ್ರಿಕ್ ಗಾಡಿ ಕಂಪನಿಯಲ್ಲಿ ಕೆಲಸ ಬೇಕು ಅನ್ನುವವರು ಈ ಶಿಸ್ತನ್ನು ಇಲ್ಲೇ ಕಲಿಯಬಹುದು.

ಇನ್ನು ನೆಲದ ವಿಷಯ. ಇಲ್ಲಿ ಬೀದರ್‌ನವರಾದ ನಾವು ಅದೃಷ್ಟವಂತರು. ಚಿದ್ರಿಯಲ್ಲಿ ರೂಮು ಮಾಡಿಕೊಂಡಿರುವ ನಮ್ಮ ಗುಂಪಿಗೆ ಬಾಗಿಲು ತೆಗೆದರೆ ಕೆಂಪು ಮುರುಮ್ ನೆಲ. ಮೇಲೆ ಸಡಿಲ ಹರಳು, ಕೆಳಗೆ ಗಟ್ಟಿ. ಭಾಲ್ಕಿ, ಔರಾದ್ ಕಡೆಯಿಂದ ಬಂದ ಗೆಳೆಯರ ಹೊಲದಲ್ಲಿ ಕರಿ ಮಣ್ಣು. ಒಂದೇ ಲಾರಿ, ಒಂದೇ ಟೈರು, ಎರಡು ನೆಲದಲ್ಲಿ ಬೇರೆ ಬೇರೆ ಗಾಡಿ ಆಗಿಬಿಡುತ್ತೆ. ಹರಳಿನ ಮೇಲೆ ಮೆತ್ತನೆ ರಬ್ಬರು ಹಿಡಿಯುತ್ತೆ. ಮಳೆ ಬಿದ್ದ ಕರಿ ಮಣ್ಣಿನಲ್ಲಿ ಟೈರಿನ ಕಚ್ಚುಗಳೆಲ್ಲ ತುಂಬಿ ಚಕ್ರ ನುಣ್ಣನೆ ಉಂಡೆ ಆಗುತ್ತೆ. ಅಲ್ಲಿ ಮೆತ್ತನೆ ರಬ್ಬರಿಗಿಂತ ಕಚ್ಚುಗಳ ನಡುವಿನ ಅಗಲ ಮುಖ್ಯ. ಟ್ರ್ಯಾಕ್ಟರಿನ ಹಿಂದಿನ ಟೈರು ಯಾಕೆ ಹಾಗಿದೆ ಅನ್ನೋದು ನಮ್ಮ ರೈತರಿಗೆ ಗೊತ್ತು. ಟೈರಿನ ಮೇಲೆ ಪೇಪರ್ ಪ್ರೆಸೆಂಟೇಶನ್ ಮಾಡುವ ನಮಗೆ ಗೊತ್ತಿರಬೇಡವೇ?

ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು ಏರು ಬಂದಾಗ ಮುಂದಿನ ಚಕ್ರ ಎತ್ತುವುದನ್ನು ಎಲ್ಲರೂ ನೋಡಿದ್ದೀವಿ. ಭಾರ ಹಿಂದಕ್ಕೆ ಸರಿಯುತ್ತೆ, ಸ್ಟೇರಿಂಗ್ ಮಾತು ಕೇಳೋದಿಲ್ಲ. ಚಿಕ್ಕ ಲಾರಿಯಲ್ಲೂ ಅದೇ ಕಥೆ. ಅದಕ್ಕೇ ಗುಡ್ಡ ಹತ್ತುವ ಗಾಡಿಗೆ ಭಾರವನ್ನು ಮುಂದೆ ಮತ್ತು ಕೆಳಗೆ ಇಡಬೇಕು. ಲಾರಿ ಪಕ್ಕಕ್ಕೆ ಎಷ್ಟು ವಾಲಿದರೆ ಉರುಳುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಎಡಬಲ ಚಕ್ರಗಳ ನಡುವೆ 12 ಸೆಂ.ಮೀ., ಗುರುತ್ವ ಕೇಂದ್ರ ನೆಲದಿಂದ 7 ಸೆಂ.ಮೀ. ಎತ್ತರ ಇದ್ದರೆ ಸುಮಾರು 40 ಡಿಗ್ರಿಗೆ ಉರುಳುತ್ತೆ. ಆ ಎತ್ತರವನ್ನು 5.5ಕ್ಕೆ ಇಳಿಸಿದರೆ 47 ಡಿಗ್ರಿವರೆಗೆ ನಿಲ್ಲುತ್ತೆ. ಒಂದು ಹಲಗೆ, ಕೋನ ತೋರಿಸುವ ಒಂದು ಮೊಬೈಲ್ ಆಪ್ ಇದ್ದರೆ ಲೆಕ್ಕ ಸರಿಯೋ ತಪ್ಪೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ಸ್ಪ್ರಿಂಗ್ ಮೆತ್ತಗಿದ್ದರೆ ಲೆಕ್ಕಕ್ಕಿಂತ ಮುಂಚೆಯೇ ಉರುಳುತ್ತೆ. ಯಾಕೆ ಅಂತ ಯೋಚಿಸೋದೇ ಮುಂದಿನ ಪ್ರಯೋಗ.

ಹಾಗಾದರೆ ಭಾರ ಎಲ್ಲಿಂದ ತರೋದು? ಹೊರದೇಶದವರು ಚಕ್ರದೊಳಗೆ ಕೂಡಿಸಲು ಹಿತ್ತಾಳೆ ಭಾಗ ಮಾರ್ತಾರೆ. ಅದರ ಬೆಲೆಗೆ ಇನ್ನೊಂದು ಲಾರಿಯೇ ಬರಬಹುದು. ಟೈರ್ ಅಂಗಡಿಯಲ್ಲಿ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ಪಟ್ಟಿ ತೂಕ ಸಾಲುತ್ತೆ. 5 ಗ್ರಾಂ, 10 ಗ್ರಾಂ ಲೆಕ್ಕದಲ್ಲಿ ಸಿಗುತ್ತೆ. ಸೀಸ ಬೇಡ, ಅದು ವಿಷ. ಆದರೆ ನಮ್ಮ ಊರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಬಹಮನಿ ಕಾಲದಿಂದ ಇಲ್ಲಿ ಬಿದ್ರಿ ಕಲಾವಿದರು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾ ಬಂದಿದ್ದಾರೆ. ಬೆಳ್ಳಿ ಕೆಲಸ, ಕೋಟೆ ಮಣ್ಣಿನ ಕಪ್ಪು ಎಲ್ಲರ ಕಣ್ಣಿಗೆ ಬೀಳುತ್ತೆ; ಅದರ ಕೆಳಗಿನ ಎರಕದ ಕೆಲಸ ಯಾರ ಕಣ್ಣಿಗೂ ಬೀಳೋದಿಲ್ಲ. ಸತು ಕರಗೋದು ಸುಮಾರು 420 ಡಿಗ್ರಿಗೆ, ಅಲ್ಯೂಮಿನಿಯಂ 660ಕ್ಕೆ. ಸಾಂದ್ರತೆಯಲ್ಲಿ ಸತು ನೀರಿನ ಏಳು ಪಟ್ಟು, ಹಿತ್ತಾಳೆ ಎಂಟೂವರೆ ಪಟ್ಟು, ಅಂತರ ದೊಡ್ಡದಲ್ಲ. ಫೌಂಡ್ರಿ ಲ್ಯಾಬಿನಲ್ಲಿ ನಾವು ಮರಳಿನ ಅಚ್ಚು ಚಂದ ಮಾಡ್ತೀವಿ, ಮಾರ್ಕ್ಸ್ ಹಾಕಿಸಿಕೊಳ್ತೀವಿ, ಒಡೆದು ಹಾಕ್ತೀವಿ. ಬಹಳ ಸಲ ಅದರೊಳಗೆ ಲೋಹ ಬೀಳೋದೇ ಇಲ್ಲ. ಲಾರಿಯ ಒಂದು ಚಕ್ರದ ತೂಕವನ್ನು ಅಲ್ಲೇ, ಇನ್‌ಸ್ಟ್ರಕ್ಟರ್ ಎದುರಿಗೇ, ಸತುವಿನ ಹೊಗೆ ಕುಡಿಯದ ಹಾಗೆ ಎಚ್ಚರದಿಂದ ಎರಕ ಹೊಯ್ದರೆ ಆ ಅಚ್ಚಿಗೂ ಒಂದು ಅರ್ಥ ಬರುತ್ತೆ. ಬಿದ್ರಿ ಕೆಲಸದವರೊಬ್ಬರನ್ನು ಒಂದು ಮಧ್ಯಾಹ್ನ ಕರೆದರೆ ಪುಸ್ತಕದಲ್ಲಿ ಇಲ್ಲದ ಮಾತು ನಾಲ್ಕು ಸಿಗುತ್ತವೆ.

ಬಾಡಿ ಕಟ್ಟುವ ಕಲೆಗೂ ದೂರ ಹೋಗಬೇಕಿಲ್ಲ. ಹೈದರಾಬಾದ್–ಪುಣೆ ಹೆದ್ದಾರಿಯ ಬಸವಕಲ್ಯಾಣದಲ್ಲಿ ಲಾರಿ ಗ್ಯಾರೇಜುಗಳ ಸಾಲೇ ಇದೆ. ಚಾಸಿ ಮೇಲೆ ಬಾಡಿ ಕೂಡಿಸೋದು, ಕಮಾನ್ ಪಟ್ಟಿ ಬದಲಿಸೋದು, ಕ್ರೌನ್ ಪಿನಿಯನ್ ಸದ್ದು ಕೇಳಿಯೇ ದೋಷ ಹೇಳೋದು, ಎಲ್ಲ ಅಲ್ಲಿ ದಿನದ ಕೆಲಸ. ಸನ್‌ಬೋರ್ಡ್, ಫೆವಿಕ್ವಿಕ್, ಎಂ-ಸೀಲ್‌ನಿಂದ ಒಂದು ಬಾಡಿ ಕಟ್ಟಿ, ಕೆಎ-38 ಅಂತ ನಂಬರ್ ಪ್ಲೇಟ್ ಬರೆಯುವವರು ಒಮ್ಮೆ ಅಲ್ಲಿ ನಿಂತು ನೋಡಿ ಬಂದರೆ, ಅಡ್ಡಪಟ್ಟಿ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ತಿಳಿಯುತ್ತೆ. 3ಡಿ ಪ್ರಿಂಟರ್ ಇದ್ದರೆ ಒಳ್ಳೆಯದು. ಆದರೆ ಪಿಎಲ್ಎ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ ಅನ್ನೋದು ನೆನಪಿರಲಿ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಲಾರಿ ಬಿಟ್ಟರೆ ಅದರ ಬೆನ್ನು ಬಾಗುತ್ತೆ. ಇನ್ನು, ಜೋಳದ ದಂಟಿನಿಂದ ಬಂಡಿ ಕಟ್ಟಿ, ಮಣ್ಣಿನಲ್ಲಿ ಎತ್ತು ಮಾಡಿ ಆಡಿದ ಹಳ್ಳಿಗಳು ನಮ್ಮವು. ಆಟಿಕೆಯನ್ನು ಕೊಳ್ಳೋದಲ್ಲ, ಕಟ್ಟೋದು ಅನ್ನೋದು ಇಲ್ಲಿಯ ಹಳೇ ರೂಢಿ.

ಈಗ ಎದುರು ಮಾತುಗಳಿಗೆ ಬರೋಣ. "ಪ್ಲೇಸ್‌ಮೆಂಟ್‌ಗೆ ಕೋಡಿಂಗ್ ಬೇಕು, ಲಾರಿ ಯಾರಿಗೆ ಬೇಕು?" ಅಂತ ಒಂದು. ಕೋಡಿಂಗ್ ಬೇಡ ಅಂದವರ್ಯಾರು? ಲಾರಿಯ ರಿಮೋಟನ್ನು ಇಎಸ್‌ಪಿ32 ಬೋರ್ಡಿನಿಂದ ನೀವೇ ಮಾಡಿ. ಸ್ಟೇರಿಂಗ್ ಸರ್ವೋ 20 ಮಿಲಿಸೆಕೆಂಡಿಗೊಮ್ಮೆ ಬರುವ, ಒಂದರಿಂದ ಎರಡು ಮಿಲಿಸೆಕೆಂಡ್ ಉದ್ದದ ಪಲ್ಸ್ ನೋಡಿ ತಿರುಗುತ್ತೆ. ಆ ಪಲ್ಸ್ ನೀವು ಬರೆದ ಕೋಡಿನಿಂದ ಹುಟ್ಟಲಿ. ಸಿಗ್ನಲ್ ಕಡಿದರೆ ಲಾರಿ ತಾನಾಗಿ ನಿಲ್ಲಲಿ. ಸ್ಕ್ರೀನ್ ಮೇಲಿನ ತಪ್ಪು ಕೆಂಪು ಸಾಲಾಗಿ ಕಾಣುತ್ತೆ, ಇಲ್ಲಿಯ ತಪ್ಪು ಗೋಡೆಗೆ ಹೋಗಿ ಗುದ್ದುತ್ತೆ. ಯಾವುದು ಹೆಚ್ಚು ದಿನ ನೆನಪಿರುತ್ತೆ?

"ಡ್ರೋನ್ ಮಾಡಿದರೆ ಕಾಲಕ್ಕೆ ತಕ್ಕ ಹಾಗೆ ಇರುತ್ತಲ್ಲ" ಅನ್ನೋದು ಇನ್ನೊಂದು. ಡ್ರೋನ್ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಚಿದ್ರಿಯಲ್ಲಿ ತಲೆ ಎತ್ತಿದರೆ ಹಾಕ್ ವಿಮಾನ, ಅದೃಷ್ಟ ಇದ್ದರೆ ಸೂರ್ಯಕಿರಣ ತಂಡದ ಅಭ್ಯಾಸ. ವಾಯುಪಡೆ ನಿಲ್ದಾಣದ ಮಗ್ಗುಲಲ್ಲಿ ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಮಾತೇ ಇಲ್ಲ. 2021ರ ಡ್ರೋನ್ ನಿಯಮಗಳು ಸ್ಪಷ್ಟವಾಗಿವೆ. ನೆಲದ ಮೇಲೆ ಓಡುವ ಲಾರಿಗೆ ಆ ಅಡ್ಡಿ ಇಲ್ಲ. ಆದರೂ ನಮ್ಮ ಗುಂಪಿನ ನಿಯಮ ಗಟ್ಟಿ: ನಿಲ್ದಾಣದ ಗೋಡೆ ಹತ್ತಿರ ಹೋಗುವಂತಿಲ್ಲ, ಲಾರಿ ಮೇಲೆ ಕ್ಯಾಮೆರಾ ಕಟ್ಟುವಂತಿಲ್ಲ, ರಸ್ತೆಗೆ ಇಳಿಸುವಂತಿಲ್ಲ.

ಮೂರನೇ ಮಾತು ಗಂಭೀರವಾದದ್ದು, ಅದನ್ನು ನಾವೇ ಎತ್ತಬೇಕು. ಈ ಹವ್ಯಾಸದಲ್ಲೂ ರೆಡಿಮೇಡ್ ರೋಗ ಇದೆ. ಹೊಸ ಮೋಟಾರು, ಹೊಸ ಶಾಕ್ ಅಬ್ಸಾರ್ಬರ್, ಹೊಳೆಯುವ ಎಕ್ಸೆಲ್, ಎಲ್ಲ ಕೊಂಡು ಕೂಡಿಸಿ, ಫೋಟೋ ಹಾಕಿ, "ಮಾಡಿಫೈ ಮಾಡಿದೆ" ಅನ್ನೋದು. ಇದಕ್ಕೂ ಡಬ್ಬಿಯಲ್ಲಿ ಬಂದ ಪ್ರಾಜೆಕ್ಟ್‌ಗೂ ಏನು ವ್ಯತ್ಯಾಸ? ದುಡ್ಡಿದ್ದವರ ಲಾರಿ ಗೆಲ್ಲುತ್ತೆ, ಔರಾದ್‌ನಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ ಪಕ್ಕದಲ್ಲಿ ನಿಂತು ನೋಡ್ತಾಳೆ. ಹಾಗಾಗುವುದಾದರೆ ಈ ಆಟ ಲ್ಯಾಬಿಗೆ ಬರೋದೇ ಬೇಡ.

ಅದಕ್ಕೇ ನಮ್ಮ ಬೇಡಿಕೆಯಲ್ಲೇ ನಿಯಮವೂ ಇದೆ. ಕಾಲೇಜು ಕೊಡಬೇಕಾದ್ದು ಒಂದು ಕಪಾಟು, ಒಂದು ಟೇಬಲ್ಲು, ನಾಲ್ಕು ಒಂದೇ ತರಹದ ಲಾರಿ. ಲಾರಿ ಕಾಲೇಜಿನದು, ಯಾರೂ ಕೊಳ್ಳಬೇಕಿಲ್ಲ. ತಂಡದಲ್ಲಿ ಎರಡು ಬ್ರಾಂಚಿನವರಾದರೂ ಇರಬೇಕು. ಒಂದು ಸೆಮಿಸ್ಟರಿಗೆ ಒಂದು ಲಾರಿಗೆ ಖರ್ಚು 500 ರೂಪಾಯಿ ದಾಟಬಾರದು, ಚೀಟಿ ತೋರಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮುಂಚೆ ಅಳತೆ, ಆಮೇಲೆ ಅಳತೆ. ಎರಡನ್ನೂ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಬರೆಯಬೇಕು. ಕನ್ನಡ ಬಳಗದ ಮ್ಯಾಗಜಿನ್ ಅಂತ ಈ ಮಾತು ಸೇರಿಸಿದ್ದಲ್ಲ. ಗ್ಯಾರೇಜಿನವರಿಗೆ, ಬಿದ್ರಿ ಕೆಲಸದವರಿಗೆ, ರೈತರಿಗೆ ಓದಿ ಹೇಳಿದರೆ ಅರ್ಥ ಆಗಬೇಕು, ಅವರು ನಮ್ಮನ್ನು ತಿದ್ದಬೇಕು. ಇಂಗ್ಲಿಷ್ ವಾಕ್ಯ ಎಲ್ಲಿಂದಲಾದರೂ ನಕಲು ಆಗುತ್ತೆ. "ಏರಿನಲ್ಲಿ ಮುಂದಿನ ಚಕ್ರ ಎತ್ತಿತು, ಬ್ಯಾಟರಿ ಎರಡು ಬೆರಳು ಮುಂದೆ ಸರಿಸಿದಿವಿ, ನಿಂತಿತು" ಅನ್ನೋದನ್ನು ಮಾಡಿದವರೇ ಬರೀಬೇಕು.

ಎಸ್‌ಎಇ ಬಾಹಾಗೆ ನಿಜವಾದ ಗಾಡಿ ಕಟ್ಟುವ ಕಾಲೇಜುಗಳನ್ನು ನೋಡಿ ನಾವು ಆಸೆಪಟ್ಟಿದ್ದೀವಿ. ಅದಕ್ಕೆ ಲಕ್ಷಗಟ್ಟಲೆ ಬೇಕು, ಪ್ರಾಯೋಜಕರು ಬೇಕು. ನಾಲ್ಕು ಚಿಕ್ಕ ಲಾರಿಗೆ ಅದ್ಯಾವುದೂ ಬೇಡ. ಮುಂದಿನ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಪಟ್ಟಿಯಲ್ಲಿ ಇದನ್ನೂ ಒಂದು ವಿಷಯವಾಗಿ ಸೇರಿಸಿ ಅಂತ ಎಚ್‌ಒಡಿಗಳಿಗೆ ಕೊಡುವ ಅರ್ಜಿ ಬರೆದಿಟ್ಟಿದ್ದೀವಿ. ಓದಿ, ಒಪ್ಪಿದರೆ ಸಹಿ ಹಾಕ್ರಿ. ಒಪ್ಪದಿದ್ದರೆ ಒಂದು ಸಂಜೆ ಸ್ಕ್ರೂಡ್ರೈವರ್ ಹಿಡಿದು ಬನ್ರಿ, ಲಾರಿ ಬಿಚ್ಚುತ್ತಾ ಜಗಳ ಮಾಡೋಣ.