ಜಾತ್ರೆಯಲ್ಲಿ ನಮ್ಮ ತಿಂಡಿ ಎಲ್ಲಿ?

ಬೆಂಗಳೂರಿನ ಸಜ್ಜನರಾವ್ ವೃತ್ತದ ತಿಂಡಿ ಬೀದಿಗೆ ಹೋದವರು ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸ್ಕೊಳ್ಳೋದಿಲ್ಲ. ಇಲ್ಲೊಂದು ದೋಸೆ, ಅಲ್ಲೊಂದು ಹೋಳಿಗೆ. ಅದೇ ಬೀದಿಯಿಂದ ಹೆಸರಾದ ಅವರೆಬೇಳೆ ಮೇಳದಲ್ಲಿ ಅವರೆಯ ಜಾಮೂನೂ ಸಿಗ್ತದೆ. ಮಾಗಡಿ ಕಡೆಯ ಅವರೆ ಬೆಳೆಗಾರರಿಗೆ ಅದೊಂದು ಮಾರುಕಟ್ಟೆ.

ನಮ್ಮಲ್ಲಿ? ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ – ಎರಡರಲ್ಲೂ ಗೋಬಿ ಮಂಚೂರಿಯದೇ ಘಾಟು. ಆಲೆಮನೆ ಕಾಲವೂ ಹೆಚ್ಚುಕಮ್ಮಿ ಅದೇ. ಜನರ ಕಣ್ಣೆದುರೇ ಮಡಕೆ ಬೋರಲು ಹಾಕಿ ತೊಡೆದೇವು ಮಾಡಬಾರದೇ? ಪಕ್ಕದಲ್ಲಿ ಹೊಸನಗರ ಕಡೆಯ ಅಪ್ಪೆಮಿಡಿ, ಹಲಸಿನ ಹಪ್ಪಳ ಇಡಬಾರದೇ?

ಮಳಿಗೆ ಬಾಡಿಗೆ ಒಬ್ಬರಿಗೆ ಭಾರ, ನಿಜ. ನಾಲ್ಕು ಮನೆಯವರು ಸೇರಿ ಹಿಡೀರಿ. ಬಾಳೆಲೆ ಚೂರಿನಲ್ಲಿ ಒಂದೊಂದು ತುಣುಕು ಕೊಡಿ. ರುಚಿ ಹತ್ತಿದವರು ಹಪ್ಪಳದ ಕಟ್ಟು ಕೇಳ್ತಾರೆ. ಹಲಸನ್ನು ಮರದ ಬುಡದಲ್ಲೇ ಕೊಳೆಯಲು ಬಿಟ್ಟು, ಕೇಳುವವರಿಲ್ಲ ಅಂತ ಗೊಣಗಿದರೆ ಏನು ಬಂತು?