ಗಲೀಜಲ್ಲ ಮಗಳೇ, ಎತ್ತು!

ಈ ಸಲ ಮಣ್ಣೆತ್ತಿನ ಅಮಾವಾಸ್ಯೆಗೆ ಕೊಳಗಲ್ಲಿಗೆ ಹೋದಾಗ 3 ವರ್ಷದ ಮಗಳು ಎರೆಮಣ್ಣಿನ ಎತ್ತನ್ನು ಮುಟ್ಟಲೇ ಇಲ್ಲ. "ಅಪ್ಪಾ, ಗಲೀಜು" ಅಂದಳು. ಕಲಿಸಿದ್ದು ನಾನೇ!

ಬಳ್ಳಾರಿ ಬಿಸಿಲಲ್ಲಿ ಮಕ್ಕಳನ್ನ ಹೊರಗೆ ಆಡಿಸೋದು ಹೇಗೆ ಅಂತ ಗೆಳೆಯರು ಕೇಳ್ತಾರೆ. ನನಗನ್ನಿಸೋದು, ನಮ್ಮ ಹಿರಿಯರು ಇದಕ್ಕೆ ವೇಳಾಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಮುಂಗಾರಿಗೆ ಮಣ್ಣೆತ್ತು, ಶ್ರಾವಣದ ಪಂಚಮಿಗೆ ಜೋಕಾಲಿ, ಚಳಿಗಾಲಕ್ಕೆ ಎಳ್ಳಮಾವಾಸ್ಯೆಯ ಚರಗ, ಹೊಲದಲ್ಲೇ ಊಟ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ನಿಜ. ಆಗ ಬೆಳಗ್ಗೆ 8ರೊಳಗೆ, ನವಶಿಲಾಯುಗದ ಜನ ಬದುಕಿದ್ದ ಸಂಗನಕಲ್ಲು ಗುಡ್ಡದ ಕಡೆ ಹೋಗಿ ಬರಬಹುದು.

ಇದಕ್ಕೆ ರೆಸಾರ್ಟು ಬೇಕಿಲ್ಲ. ಮಗು ಮಣ್ಣಿಗಿಳಿದಾಗ ಅಪ್ಪ-ಅಮ್ಮ ಬಾಯಿ ಮುಚ್ಕೊಂಡಿದ್ರೆ ಸಾಕು.

ನಾನು ಮೊದಲು ಕೈ ಕೆಸರು ಮಾಡ್ಕೊಂಡೆ. ಸಂಜೆ ಹೊತ್ತಿಗೆ ಅವಳೂ ಒಂದು ಎತ್ತು ಮಾಡಿದಳು, ಒಂದೇ ಕೊಂಬಿಂದು :)

ನೀವೇನಂತೀರಿ?